ಸವುಳು ಹೊಲಕ್ಕೆ ಸುಣ್ಣ ಬ್ಯಾಡ, ಮೊದಲು ಮಣ್ಣು ಪರೀಕ್ಷೆ ಮಾಡಿಸ್ರಿ



ಹತ್ತನೇ ತರಗತಿಯ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಪಾಠವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಪಾಠ ನಮ್ಮ ಹೊಲದಾಗೂ ಅದ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಕಾನ ಹೊಲ ಕಾಲುವೆಯ ಕೆಳಗೆ ಅದ. ತಗ್ಗಿನ ಕಡೆಯ ಅರ್ಧ ಎಕರೆಯಲ್ಲಿ ಭತ್ತ ಹಳದಿಯಾಗಿ ಸುಟ್ಟಂತೆ ಕಾಣುತ್ತದೆ. ಅಲ್ಲಿನ ಮಣ್ಣು ಹಸಿ ಇದ್ದಾಗ ಕಾಲಿಗೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. "ಸವುಳು ಬಿದ್ದದ, ಒಂದು ಚೀಲ ಯೂರಿಯಾ ಹೆಚ್ಚಿಗಿ ಹಾಕಿದ್ರ ಸುಧಾರಿಸ್ತದ" ಅಂತ ಕಾಕಾ ಅಂದರು. ಕಟ್ಟೆಯ ಮೇಲೆ ಕುಂತ ಹಿರಿಯರೊಬ್ಬರು "ಸುಣ್ಣ ಹಾಕು" ಅಂದರು. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕಂತ ಹೇಳುತ್ತೇನೆ.

ಮದುವೆಯಲ್ಲಿ ಆರತಿಗೆ ಅರಿಶಿನದ ನೀರು ಕಲಸಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಪ್ರತ್ಯಾಮ್ಲವನ್ನು ಗುರುತಿಸುವ ಪರೀಕ್ಷೆ ಅದೇ. ನಾನು ಆ ತಗ್ಗಿನ ಮಣ್ಣನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ತಿಳಿನೀರಿಗೆ ಅರಿಶಿನ ಹಚ್ಚಿದ ಕಾಗದ ಅದ್ದಿದೆ. ಕಾಗದ ಕೆಂಪಾಯಿತು! ದಿಬ್ಬದ ಮಣ್ಣಿನ ನೀರಿನಲ್ಲಿ ಹಳದಿಯಾಗಿಯೇ ಉಳಿಯಿತು. ಅಂದರೆ ತಗ್ಗಿನ ಮಣ್ಣಿನಲ್ಲಿ ಮೊದಲೇ ಕ್ಷಾರ ಹೆಚ್ಚಾಗಿದೆ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಮದ್ದು. ಕ್ಷಾರದ ಮಣ್ಣಿಗೆ ಮತ್ತೆ ಪ್ರತ್ಯಾಮ್ಲ ಹಾಕಿದರೆ ಏನು ಬಂತು? ಯೂರಿಯಾವೂ ಅಷ್ಟೇ. ಕ್ಷಾರ ಹೆಚ್ಚಿದ್ದಲ್ಲಿ ಅದರ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ಕಾಕಾನ ರೊಕ್ಕವೂ ಅದರ ಜೊತೆಗೆ ಹಾರುತ್ತದೆ.

ಈ ಕ್ಷಾರಕ್ಕೆ ಮುಖ್ಯ ಕಾರಣ ಸೋಡಿಯಂ. "ಸೋಡಿಯಂ ನೀರಿಗೆ ಬಿದ್ದರೆ ಉರೀತದ, ಸೀಮೆಎಣ್ಣೆಯಾಗ ಇಡ್ತಾರ ಅಂತ ಓದೀವಿ. ಹೊಲದಾಗ ಯಾಕ ಉರಿಯಂಗಿಲ್ಲ?" ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಹೊಲದಲ್ಲಿರುವುದು ಸೋಡಿಯಂ ಲೋಹವಲ್ಲ, ಲವಣದಲ್ಲಿರುವ ಸೋಡಿಯಂ ಅಯಾನು. ಅದು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಆಗಲೇ ತಣ್ಣಗಾಗಿದೆ. ಆದರೆ ಎರಿ ಮಣ್ಣಿನ ಕಣಗಳಿಗೆ ಅದು ಅಂಟಿಕೊಂಡರೆ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತವೆ. ನೀರು ಇಳಿಯುವುದಿಲ್ಲ, ಬೇರು ಉಸಿರಾಡುವುದಿಲ್ಲ.

ಇದಕ್ಕೆ ಮದ್ದು ಜಿಪ್ಸಂ. ಅದು ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲಿಂದ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಸೋಡಿಯಂ ಸಲ್ಫೇಟ್ ಆಗಿ ಎದ್ದದ್ದು ನೀರಿನ ಜೊತೆ ಹರಿದು ಹೋಗಬೇಕು. ಹೋಗಲು ದಾರಿಯೇ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ದಂಡ. ಆದ್ದರಿಂದ ಮೊದಲು ಬಸಿಗಾಲುವೆ ತೋಡಬೇಕು.

ಸವುಳು ಹೀಗೆ ಹೆಚ್ಚಿದ್ದು ಯಾಕೆ? 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟೆ ಮುಗಿಯಿತು. ಸುರಪುರ, ಶಹಾಪುರ ಕಡೆಗೆ ಎಡದಂಡೆ ಕಾಲುವೆಯ ನೀರು ಬಂತು. ಅದು ನಮ್ಮ ಭಾಗ್ಯವೇ. ಆದರೆ ಯೋಜನೆಯವರು ಕಡಿಮೆ ನೀರಿನ ಬೆಳೆಗಳಿಗೆಂದು ಲೆಕ್ಕ ಹಾಕಿದ್ದರು. ಜೋಳ, ತೊಗರಿ ಬಿಟ್ಟು ನಾವು ಭತ್ತಕ್ಕೆ ನೀರು ನಿಲ್ಲಿಸಿದೆವು. ನೆಲದೊಳಗಿನ ನೀರು ಮೇಲಕ್ಕೆ ಬಂತು. ಬಿಸಿಲಿಗೆ ನೀರು ಆವಿಯಾಯಿತು, ಉಪ್ಪು ಮೇಲೆ ಉಳಿಯಿತು. ತಪ್ಪು ನೀರಿನದಲ್ಲ, ನೀರು ನಿಲ್ಲಿಸಿದ ನಮ್ಮದು.

ಅರಿಶಿನದ ಕಾಗದವೇ ಸಾಕೆಂದು ನಾನು ಹೇಳುವುದಿಲ್ಲ. ಅದು ಕ್ಷಾರ ಇದೆ ಎನ್ನುತ್ತದೆ, ಎಷ್ಟು ಜಿಪ್ಸಂ ಬೇಕೆಂದು ಹೇಳುವುದಿಲ್ಲ. ಬರೀ ಉಪ್ಪಿನ ಸವುಳು ಇದ್ದರೆ ಕಾಗದ ಕೆಂಪೂ ಆಗುವುದಿಲ್ಲ. ಅಂಥ ಹೊಲಕ್ಕೆ ಜಿಪ್ಸಂ ಬೇಕಿಲ್ಲ, ಉಪ್ಪು ತೊಳೆದು ನೀರು ಬಸಿದು ಹೋದರೆ ಸಾಕು. ಅದಕ್ಕೇ ಮಣ್ಣು ಪರೀಕ್ಷೆ ಆಗಬೇಕು. ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಅದ, ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಅದ. ಅಲ್ಲಿ ಹೋಗಿ ಕೇಳಬಹುದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಎಷ್ಟೋ ಮನೆಗಳಲ್ಲಿ ಇದೆ. ಅದರಲ್ಲಿ ಪಿಎಚ್ ಬರೆದಿರುತ್ತದೆ. 8.5ಕ್ಕಿಂತ ಹೆಚ್ಚಿದ್ದರೆ ಎಚ್ಚರವಾಗಿರಿ. ಚೀಟಿ ಓದಲು ಬಾರದ ಮನೆಯಲ್ಲಿ ನಾವೇ ಓದಿ ಹೇಳೋಣ.

ಗುರುಗಳಲ್ಲಿ ಒಂದು ವಿನಂತಿ. ಒಂದು ಶನಿವಾರ ನಮ್ಮನ್ನು ಹೊಲಗಳಿಗೆ ಕರೆದುಕೊಂಡು ಹೋಗಿರಿ. ಹೊಲದ ಐದಾರು ಕಡೆ ಒಂದು ಗೇಣು ಆಳದವರೆಗೆ ಮಣ್ಣು ತೆಗೆದು, ಕಲಸಿ, ಅರ್ಧ ಕಿಲೋ ಅರಿವೆ ಚೀಲದಲ್ಲಿ ಕಟ್ಟಿ, ಪರೀಕ್ಷೆಗೆ ಕಳಿಸೋಣ. ಬಂದ ಫಲಿತಾಂಶವನ್ನು ಇದೇ ಗೋಡೆಗೆ ಹಚ್ಚೋಣ. ಅಪ್ಪ, ಕಾಕಾ ಬಂದು ಓದಲಿ. ಮುಂದಿನ ಚೀಲ ಯೂರಿಯಾ ತರುವ ಮೊದಲು ಒಂದು ಕ್ಷಣ ಯೋಚನೆ ಮಾಡಲಿ.

ತಪ್ಪಿದ್ದರೆ ಗುರುಗಳು ತಿದ್ದಬೇಕು. ಗೆಳೆಯರೇ, ನಿಮ್ಮ ಹೊಲದ ಕಾಗದ ಯಾವ ಬಣ್ಣ ಬಂತೆಂದು ಮುಂದಿನ ಸಂಚಿಕೆಗೆ ಬರೀರಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ