ಬೇಲಿ ಹೊಲ ಮೇಯದಂತೆ ಕಾಯುವವರು

ಮಕ್ಕಳೇ, ಮುಂಡರಗಿಯಿರಲಿ, ಶಿರಹಟ್ಟಿಯಿರಲಿ, ಲಕ್ಷ್ಮೇಶ್ವರವಿರಲಿ, ಗದಗ-ಬೆಟಗೇರಿಯಿರಲಿ, ಬಿಳಿ ರಕ್ತಕಣಗಳ ಕೆಲಸವೇನೆಂದು ಕೇಳಿದರೆ ನೀವೆಲ್ಲ ಹೇಳುವ ಉತ್ತರ ಒಂದೇ: 'ಅವು ನಮ್ಮ ದೇಹದ ಸೈನಿಕರು!' ಇದು ಅರ್ಧ ಉತ್ತರ ಮಾತ್ರ ಎಂಬುದು ನನ್ನ ಅಭಿಪ್ರಾಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು? ಸೈನಿಕರನ್ನು ತಡೆಯುವವರೂ ಬೇಕಲ್ಲವೇ?

ನಿಮ್ಮ ಎದೆಮೂಳೆಯ ಹಿಂದೆ, ಹೃದಯದ ತುಸು ಮೇಲೆ ಥೈಮಸ್ ಎಂಬ ಗ್ರಂಥಿಯಿದೆ. ದೊಡ್ಡವರಾದಂತೆ ಅದು ಕುಗ್ಗುತ್ತದೆ. ಈ ವಿಷಯದಲ್ಲಿ ನೀವು ನಿಮ್ಮ ಗುರುಗಳಿಗಿಂತ ಶ್ರೀಮಂತರು! ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಇಲ್ಲಿಗೆ ಬಂದು 'ಟಿ ಕೋಶ'ಗಳಾಗಿ ಬೆಳೆಯುತ್ತವೆ. ಒಣಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ಕೆಟ್ಟ ಕಾಯಿ ಆರಿಸುವುದನ್ನು ನೋಡಿದ್ದೀರಲ್ಲ? ಥೈಮಸ್ಸಿನ ಆಯ್ಕೆ ಅದಕ್ಕಿಂತ ಬಿಗಿ. ಅಲ್ಲಿ ಎಳೆಯ ಕೋಶಗಳ ಮುಂದೆ ನಮ್ಮದೇ ದೇಹದ ಪ್ರೋಟೀನುಗಳ ಚೂರುಗಳು ಬರುತ್ತವೆ. ಏನನ್ನೂ ಗುರುತಿಸದ ಕೋಶ ಸಾಯುತ್ತದೆ. ಆ ಚೂರನ್ನು ಬಲವಾಗಿ ಕಚ್ಚಿ ಹಿಡಿಯುವ ಕೋಶವೂ ಸಾಮಾನ್ಯವಾಗಿ ಸಾಯುತ್ತದೆ. 100ರಲ್ಲಿ 5 ಕೂಡ ಉಳಿದು ಹೊರಬರುವುದಿಲ್ಲ.

ಆದರೆ ಹಾಗೆ ಹಿಡಿಯುವವುಗಳಲ್ಲಿ ಕೆಲವು ಸಾಯದೆ ಬೇರೆ ದಾರಿ ಹಿಡಿಯುತ್ತವೆ. ಅವುಗಳಲ್ಲಿ ಫಾಕ್ಸ್‌ಪಿ3 ಎಂಬ ಜೀನ್ ಕೆಲಸ ಆರಂಭಿಸುತ್ತದೆ. ಆಗ ಅವು 'ನಿಯಂತ್ರಕ ಟಿ ಕೋಶ'ಗಳಾಗಿ, ನಮ್ಮ ಅಂಗಗಳ ಮೇಲೇ ಏರಿಬರುವ ಟಿ ಕೋಶಗಳನ್ನು ತಡೆಯುತ್ತವೆ.

ಹುಟ್ಟಿದ ಮೂರು ದಿನಕ್ಕೆ ಥೈಮಸ್ ತೆಗೆದ ಇಲಿಮರಿಗಳಲ್ಲಿ ಟಿ ಕೋಶಗಳು ಆ ಮರಿಗಳ ಅಂಗಗಳನ್ನೇ ಹಾಳುಮಾಡಿದ್ದವು. ಇದರ ಜಾಡು ಹಿಡಿದ ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಈ ನಿಯಂತ್ರಕರನ್ನು ಗುರುತಿಸಿದರು. 2025ರ ನೊಬೆಲ್ ಬಹುಮಾನವನ್ನು ಅಮೆರಿಕದ ಮೇರಿ ಬ್ರಂಕೊ, ಫ್ರೆಡ್ ರ್ಯಾಮ್ಸ್‌ಡೆಲ್ ಅವರೊಂದಿಗೆ ಹಂಚಿಕೊಂಡರು. ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಈ ಕೋಶಗಳು ಬದುಕುಳಿಯಲು ನಾಚ್ ಎಂಬ ಪ್ರೋಟೀನ್ ನೆರವಾಗುವುದನ್ನು ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅಪೂರ್ವಾ ಸರೀನ್ ಅವರ ತಂಡ 2012ರಲ್ಲಿ ತೋರಿಸಿತು.

'ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ' ಎಂಬ ಜಾಹೀರಾತು ಕಂಡಾಗ ನನಗೆ ನಗು ಬರುತ್ತದೆ. ಆ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂದು ಯಾರು ಹೇಳಿದರು? ಟೈಪ್ 1 ಮಧುಮೇಹವನ್ನೇ ನೋಡಿ. ಅಲ್ಲಿ ತಡೆ ಸಾಲದೆ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಮ್ಮ ಟಿ ಕೋಶಗಳೇ ನಾಶಮಾಡುತ್ತವೆ. ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ನಿಮ್ಮ ತರಗತಿಯಲ್ಲಿ ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಗೆಳತಿಯಿದ್ದರೆ, 'ಸಿಹಿ ಬಹಳ ತಿಂದಳು, ಅದಕ್ಕೇ ಬಂತು' ಎಂದು ಆಡಿಕೊಳ್ಳಬೇಡಿ. ಅದು ಸುಳ್ಳು. ಬಿಸಿಯೂಟಕ್ಕೆ ಅವಳ ಪಕ್ಕದಲ್ಲೇ ಕುಳಿತುಕೊಳ್ಳಿ. ಇದು ಅಂಟುವ ರೋಗವಲ್ಲ.