ಆಟದ ಬಸ್ಸೂ ಅದರ ಹಂಚಿಕೆಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವಾಚಕ ಮಹಾಶಯರಿಗೆ ಸಹಕಾರ ಸಾರಿಗೆಯ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಕೆಲಸ ಕಳೆದುಕೊಂಡ ಮೋಟಾರು ಕಾರ್ಮಿಕರು ತಾವೇ ಒಡೆಯರಾಗಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಆ ಸಂಘದ ಬಸ್ಸುಗಳು 2020ರಲ್ಲಿ ನಿಂತುಹೋದುವು. ಈಗ ಅವುಗಳನ್ನು ಓಡಿಸತಕ್ಕವರು ಮೊಬೈಲು ಹಿಡಿದ ನಮ್ಮ ಹುಡುಗರು.

ಇಂಡೋನೇಷ್ಯದ ಮಲೇಯೋ ಎಂಬ ಸಂಸ್ಥೆಯವರು 2017ರಲ್ಲಿ ಹೊರತಂದ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಆಟದಲ್ಲಿ, ಆಡುವವನು ಬಸ್ಸಿಗೆ ತನಗೆ ಬೇಕಾದ ಬಣ್ಣವನ್ನು ಹಚ್ಚಬಹುದು. ಅನ್ಯರು ರಚಿಸಿದ ವಾಹನವನ್ನೂ ಸೇರಿಸಿಕೊಳ್ಳಬಹುದು. ಹೊರಗಿನವರು ಮೂಲ ಆಟಕ್ಕೆ ಮಾಡುವ ಇಂತಹ ಮಾರ್ಪಾಟಿಗೆ ಮಾಡ್ ಎಂದು ಹೆಸರು. ಇದನ್ನು ಹಂಚತಕ್ಕವರು ಯಾರು, ಆಟದ ಒಡೆಯರೋ, ಆಡುವ ಸಮುದಾಯವೋ? ಜಗತ್ತಿನಲ್ಲಿ ಇದು ಹಳೆಯ ಜಗಳ.

ವಾಲ್ವ್ ಸಂಸ್ಥೆಯು 2011ರಲ್ಲಿ ಸ್ಟೀಮ್ ವರ್ಕ್‌ಷಾಪ್ ಎಂಬ ಅಧಿಕೃತ ಭಂಡಾರವನ್ನು ತೆರೆಯಿತು. ಒಂದು ಗುಂಡಿಯನ್ನೊತ್ತಿದರೆ ಮಾಡ್ ಬಂದು ಸೇರುವುದು; ಮುಂದಿನ ತಿದ್ದುಪಡಿಯೂ ತಾನಾಗಿಯೇ ಬರುವುದು. ಸೌಕರ್ಯವೇನೋ ನಿಜ. ಆದರೆ 2015ರ ಏಪ್ರಿಲಿನಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನು ಅಲ್ಲಿ ಮಾರಾಟಕ್ಕಿಟ್ಟಾಗ ರಚಿಸಿದವನ ಪಾಲು ನೂರಕ್ಕೆ 25. ಉಳಿದ 75 ವಾಲ್ವ್ ಮತ್ತು ಬೆಥೆಸ್ಡಾ ಸಂಸ್ಥೆಗಳಿಗೆ. ಗೇಣಿಯ ಕಾಲವನ್ನು ಕಂಡ ಮಲೆನಾಡಿಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕೆ! ಆಟಗಾರರ ಪ್ರತಿಭಟನೆಯಿಂದ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟು ಕೊಂಡವರ ಹಣವನ್ನು ಹಿಂದಿರುಗಿಸಿದರು.

ಹಾಗೆಂದು ಸಮುದಾಯದ ದಾರಿಯೆಲ್ಲವೂ ಧರ್ಮದ ದಾರಿಯೆಂದು ನಾವು ಹೇಳಲಾರೆವು. 2001ರಲ್ಲಿ ಅಭಿಮಾನಿಯೊಬ್ಬರು ಆರಂಭಿಸಿದ ನೆಕ್ಸಸ್ ಭಂಡಾರವು, ಒಮ್ಮೆ ಕೊಟ್ಟ ಫೈಲನ್ನು ಕರ್ತೃವು ಕೇಳಿದರೂ ಪೂರ್ತಿಯಾಗಿ ಅಳಿಸುವುದಿಲ್ಲವೆಂದು 2021ರಲ್ಲಿ ನಿಯಮ ಮಾಡಲು, ಕೆಲವು ಕರ್ತೃಗಳು ಮುನಿದು ತಮ್ಮ ಕೃತಿಗಳನ್ನು ಹಿಂದೆಗೆದುಕೊಂಡರು. ನಮ್ಮ ಮೊಮ್ಮಗನು ರಜೆಯೆಲ್ಲ ಕುಳಿತು ಸಹಕಾರ ಸಾರಿಗೆಯ ಬಸ್ಸಿನ ಬಣ್ಣವನ್ನು ಬರೆದು ಗೆಳೆಯರ ಗುಂಪಿಗೆ ಕೊಟ್ಟನು. ಎರಡು ವಾರಗಳಲ್ಲಿ ಅದೇ ಚಿತ್ರವು ಬೇರೊಬ್ಬನ ಹೆಸರಿನಲ್ಲಿ ಅವನಿಗೇ ಮರಳಿ ಬಂದಿತು. "ಅಜ್ಜಯ್ಯಾ, ಬಸ್ಸು ನಂದು, ಹೆಸರು ಮಾತ್ರ ಅವನದ್ದು" ಎಂದನು. ಓಲೆಗರಿಯ ಲಿಪಿಕಾರನು ಕೂಡ ಕೊನೆಯಲ್ಲಿ ತನ್ನ ಹೆಸರನ್ನು ಬೇರೆಯಾಗಿ ಬರೆಯುತ್ತಿದ್ದನೇ ಹೊರತು, ಕವಿಯ ಹೆಸರನ್ನು ಕೆರೆದು ಹಾಕುತ್ತಿರಲಿಲ್ಲ.

ಇಷ್ಟಾದರೂ ನಮ್ಮ ಒಲವು ಸಮುದಾಯದ ಕಡೆಗೇ. ಕೊಪ್ಪದ ಬಸ್ಸಿನ ಬಣ್ಣವು ಜಾವಾ ದ್ವೀಪದ ಯಾವ ಕಚೇರಿಗೂ ನೆನಪಾಗದು. ಆದರೆ ಸಹಕಾರವೆಂದರೆ ಸದಸ್ಯರ ಪಟ್ಟಿ, ಲೆಕ್ಕದ ಪುಸ್ತಕ, ಕೇಳಿದರೆ ಉತ್ತರ ಕೊಡುವ ಒಬ್ಬ ಕಾರ್ಯದರ್ಶಿ. ಹುಡುಗರ ಗುಂಪುಗಳಲ್ಲಿ ಇವು ಯಾವುವೂ ಇಲ್ಲ. ಸಂಘವೂ ಒಂದು ದಿನ ನಿಂತುಹೋಗಬಹುದಾದುದರಿಂದ, ಬರೆದವನು ಮೂಲ ಪ್ರತಿಯನ್ನು ಹೆಸರು, ತಾರೀಖುಗಳೊಡನೆ ಮನೆಯಲ್ಲಿಯೂ ಇಟ್ಟುಕೊಳ್ಳತಕ್ಕದ್ದು.

ಗೃಹಸ್ಥರು ಗಮನಿಸಬೇಕಾದುದು ಇನ್ನೊಂದುಂಟು. ಈ ಆಟದಲ್ಲಿ ಬಸ್ಸಿನ ಬಣ್ಣವೆಂಬುದು ಬರಿಯ ಚಿತ್ರದ ಫೈಲು. ಅದನ್ನು ಕೊಡುವೆನೆಂದು ಯಾರಾದರೂ ಹೊಸ ಆ್ಯಪನ್ನು ಹಾಕಿಕೊಳ್ಳಲು ಹೇಳಿದರೆ, ಹುಡುಗನ ಕೈಯಿಂದ ಮೊಬೈಲನ್ನು ತೆಗೆದುಕೊಂಡು ನೋಡಿರಿ.