ನೆಲವೂ ಡೊಂಕಿದ್ದೀತು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಹೇಳಿ ನಗುವವರು ಸಾಮಾನ್ಯವಾಗಿ ಕುಣಿಯಬಲ್ಲವರು. ಹೊಸಬಳ ಪರವಾಗಿ ಗಾದೆ ಕಟ್ಟುವ ಶ್ರಮವನ್ನು ಯಾರೂ ವಹಿಸಿದಂತಿಲ್ಲ. ನೆಲವೂ ಒಮ್ಮೊಮ್ಮೆ ಡೊಂಕಾಗಿರುತ್ತದೆಂಬುದು ನನ್ನ ಅಭಿಪ್ರಾಯ. ನಮ್ಮ ನಗರಗಳ ಕೋಲಾಟದ ಕೂಟಗಳನ್ನು ಬಲ್ಲವರು ಇದನ್ನು ಒಪ್ಪಿಯಾರು.

ಹಳ್ಳಿಯಲ್ಲಿ ಕೋಲಾಟ ಕಲಿಯಲು ಯಾರೂ ಶಾಲೆಗೆ ಸೇರುತ್ತಿರಲಿಲ್ಲ. ದೊಡ್ಡವರು ಸುತ್ತುಗಟ್ಟಿ ಆಡುವಾಗ ಹುಡುಗರು ಬದಿಯಲ್ಲಿ ನಿಂತು ಕಡ್ಡಿಗೆ ಕಡ್ಡಿ ತಾಗಿಸುತ್ತಿದ್ದರು; ಎಂದೋ ಒಂದು ದಿನ ಜೋಡಿಗೆ ಒಬ್ಬ ಕಡಮೆಯಾದಾಗ ಅವರಲ್ಲೊಬ್ಬನನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಜೋಡಿಯ ಆಟಕ್ಕೆ ಸರಿಸಂಖ್ಯೆಯ ಜನ ಬೇಕಷ್ಟೆ. ಆ ಅಗತ್ಯವೇ ಹೊಸಬನಿಗೆ ಆಮಂತ್ರಣವಾಗುತ್ತಿತ್ತು.

ನಗರದಲ್ಲಿ ಹಾಗಲ್ಲ. ಇಲ್ಲಿ ಹೊಸಬರೆಂದರೆ ಬಹುಮಟ್ಟಿಗೆ 40 ದಾಟಿದ ಗೃಹಿಣಿ, ಇಲ್ಲವೆ ಆಗತಾನೇ ನಿವೃತ್ತರಾದ ಗುಮಾಸ್ತರು. ನವರಾತ್ರಿಗೋ ರಾಜ್ಯೋತ್ಸವಕ್ಕೋ ಬಡಾವಣೆಯಲ್ಲಿ ಅಭ್ಯಾಸ ನಡೆದಿದೆಯೆಂದು ಕೇಳಿ, ಸಂಕೋಚವನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. "ಸದ್ಯಕ್ಕೆ ಕುಳಿತು ನೋಡುತ್ತಿರಿ" ಎಂಬ ಉಪಚಾರ ದೊರೆಯುತ್ತದೆ. ಪಳಗಿದವರು ಪಳಗಿದವರನ್ನೇ ಜೋಡಿಯಾಗಿ ಆರಿಸಿಕೊಳ್ಳುತ್ತಾರೆ. ಮುಂದಿನ ವಾರ ಆ ಕುರ್ಚಿ ಖಾಲಿ. ಅವರಿಗೆ ಆಸಕ್ತಿಯೇ ಇರಲಿಲ್ಲವೆಂದು ಕೂಟ ತೀರ್ಮಾನಿಸುತ್ತದೆ.

ಪಳಗಿದವರ ಕಷ್ಟವೂ ಸುಳ್ಳಲ್ಲ. ಜಡೆಕೋಲಾಟವನ್ನೇ ನೋಡಿ: ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿ ಹಿಡಿದು, ಒಬ್ಬರನ್ನೊಬ್ಬರು ಹಾಯುತ್ತ ಜಡೆ ಹೆಣೆಯಬೇಕು, ಮತ್ತೆ ತಿರುವುಮುರುವಾಗಿ ಹೆಜ್ಜೆಯಿಟ್ಟು ಬಿಡಿಸಬೇಕು. ಒಬ್ಬರು ದಾರಿ ತಪ್ಪಿದರೆ ಎಲ್ಲರ ಹಗ್ಗವೂ ಗಂಟು. ಮೊದಲ ದಿನವೇ ಹೊಸಬರನ್ನು ಅಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳರು. ಆದರೆ ಒಂದೇ ಸುತ್ತಿನ ಸರಳ ಕೋಲಾಟಕ್ಕೆ ಇಷ್ಟು ಭಯ ಬೇಡ. ಮೊದಲು ಕೋಲಿಲ್ಲದೆ ಚಪ್ಪಾಳೆಯಲ್ಲಿಯೇ ತಾಳ ಕೂರಿಸಬಹುದು. ನಿಧಾನವಾದ ಹಾಡೊಂದನ್ನು ಆರಿಸಬಹುದು. ಹೊಸಬರನ್ನು ಇಬ್ಬರು ಪಳಗಿದವರ ನಡುವೆ ನಿಲ್ಲಿಸಿದರೆ, ತಪ್ಪಿದ ಕೋಲನ್ನು ಪಕ್ಕದ ಕೋಲೇ ಹುಡುಕಿಕೊಂಡು ಬರುತ್ತದೆ. ಹಾಡಿನ ನಡುವೆ ಬೆರಳು ತೋರಿ ತಿದ್ದುವುದಕ್ಕಿಂತ ಇದು ಮೇಲು.

ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಬೆಳೆದು ಇತರ ಕಡೆಗೂ ಹಬ್ಬಿರುವ ಕಾಂಟ್ರಾ ಎಂಬ ಸಮೂಹನೃತ್ಯವಿದೆ. ಅದರ ಪೂರ್ವಜರೆನ್ನಬಹುದಾದ ಇಂಗ್ಲೆಂಡಿನ ಗ್ರಾಮನೃತ್ಯಗಳನ್ನು ಜಾನ್ ಪ್ಲೇಫರ್ಡ್ 1651ರಲ್ಲಿಯೇ ಸುಲಭ ನಿಯಮಗಳ ರೂಪದಲ್ಲಿ ಅಚ್ಚುಹಾಕಿಸಿದ್ದನು. ಕಾಂಟ್ರಾದಲ್ಲಿ ಜೋಡಿಗಳು ಉದ್ದನೆಯ ಸಾಲುಗಳಲ್ಲಿ ನಿಂತು, ಸಾಲಿನುದ್ದಕ್ಕೂ ಸರಿಯುತ್ತ, ಒಂದಾದಮೇಲೊಂದು ಜೋಡಿಯೊಡನೆ ಕುಣಿಯುತ್ತವೆ. ಅನೇಕ ಕಡೆ ಕುಣಿತಕ್ಕೆ ಮುಂಚೆ ಅರ್ಧ ಗಂಟೆ ಹೊಸಬರಿಗೆಂದೇ ಪಾಠ. ಅನಂತರ 'ಕಾಲರ್' ಎಂಬ ಸೂತ್ರಧಾರರು ಚಲನೆಗಳನ್ನು ವಾದ್ಯವಿಲ್ಲದೆ ಒಮ್ಮೆ ನಡೆಸಿ ತೋರಿಸಿ, ವಾದ್ಯ ತೊಡಗಿದ ಮೇಲೂ ಕೂಗಿ ನೆನಪಿಸುತ್ತಾರೆ. ಪ್ರತಿ ನೃತ್ಯಕ್ಕೂ ಜೊತೆಗಾರರನ್ನು ಬದಲಿಸುವುದು ಅಲ್ಲಿನ ವಾಡಿಕೆ. ಪಳಗಿದವರು ತಾವಾಗಿ ಹೊಸಬರನ್ನು ಕರೆಯುವುದು ಸಭ್ಯತೆಯ ಲಕ್ಷಣ. ಒಬ್ಬೊಬ್ಬರ ಔದಾರ್ಯವನ್ನು ನೆಚ್ಚಿ ಕೂರದೆ, ಆದರವನ್ನೇ ಒಂದು ಪದ್ಧತಿಯಾಗಿ ಮಾಡಿಕೊಂಡಿದ್ದಾರೆ.

ಹೊಸಬರು ಬಾರದ ಕೂಟದ ಗತಿಯೇನು? ಕುಣಿತ ಒಮ್ಮೆಲೇ ನಿಲ್ಲುವುದಿಲ್ಲ. ಅದು ವೇದಿಕೆ ಹತ್ತುತ್ತದೆ. ಒಂದೇ ಬಣ್ಣದ ಸೀರೆಯುಟ್ಟ ಎಂಟು ಮಂದಿ ಮೇಲೆ, ಮಿಕ್ಕವರೆಲ್ಲ ಕೆಳಗೆ ಕುರ್ಚಿಗಳಲ್ಲಿ. ಕೆಲವು ವರ್ಷಗಳಲ್ಲಿ ಎಂಟು ಆರಾಗುತ್ತದೆ. ಹಾಡುವವರ ಬದಲು ಧ್ವನಿಮುದ್ರಿಕೆ ಬರುತ್ತದೆ. ಆಡಬೇಕಾದ ಆಟ ಹೀಗೆ ನೋಡುವ ಆಟವಾಗಿಬಿಡುತ್ತದೆ.

ನಿಮ್ಮ ಮನೆಯಲ್ಲಿ ಈ ಸಲದ ದಸರೆಗೆ ಕೋಲು ಹಿಡಿಯುವವರಿದ್ದರೆ ಅವರಲ್ಲಿ ಒಂದು ವಿನಂತಿ: ಅಭ್ಯಾಸಕ್ಕೆ ಹೊರಡುವಾಗ ಒಂದು ಜೊತೆ ಕೋಲನ್ನು ಹೆಚ್ಚಾಗಿ ಹಿಡಿದುಕೊಂಡು ಹೋಗಲಿ. ಬದಿಯಲ್ಲಿ ಯಾರಾದರೂ ನಿಂತೇ ಇರುತ್ತಾರೆ.